ನಾಜೂಕು ಅಕ್ಷರ: ಎಲ್ಲಿ ಅಂದ, ಎಲ್ಲಿ ತೊಡಕು

ಬಹುಮಾನ ಪತ್ರ, ವಾರ್ಷಿಕೋತ್ಸವದ ಆಮಂತ್ರಣ, ಹತ್ತನೆಯ ತರಗತಿಯ ಬೀಳ್ಕೊಡುಗೆ ಹಾಳೆ. ಶಾಲೆಯಿಂದ ನಿಮ್ಮ ಮನೆಗೆ ಬರುವ ಇಂಥ ಕಾಗದಗಳಲ್ಲಿ ಈಚೆಗೆ ಒಂದು ಬಗೆಯ ಕನ್ನಡ ಅಕ್ಷರವನ್ನು ನೀವು ನೋಡಿರುತ್ತೀರಿ. ಅದು ಪಠ್ಯಪುಸ್ತಕದ ಅಕ್ಷರದಂತೆ ದುಂಡಗೆ, ದಪ್ಪಗೆ ಕುಳಿತಿರುವುದಿಲ್ಲ. ಸಣ್ಣ ಮೊನೆಯ ಪೆನ್ನಿನಲ್ಲಿ ಯಾರೋ ಬಿಡುವಾಗಿ ಬರೆದಂತೆ ತೆಳ್ಳಗೆ, ಸ್ವಲ್ಪ ವಾಲಿಕೊಂಡು, ಬಾಲ ಬಿಟ್ಟುಕೊಂಡು ಸಾಗುತ್ತದೆ. ಕೈಬರಹದ ಫಾಂಟ್ ಎಂದು ಡಿಟಿಪಿ ಅಂಗಡಿಯವರು ಅದನ್ನು ಕರೆಯುತ್ತಾರೆ. ನೋಡಲು ಚೆಂದ. ಆ ಚೆಂದವನ್ನು ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಎಂಬ ಎರಡು ಮಾತು ಪೋಷಕರಾದ ನಿಮಗೆ ಗೊತ್ತಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಫಾಂಟ್ ಆರಿಸುವುದು ಅಂಗಡಿಯವರ ಕೆಲಸ, ನಮಗೇಕೆ ಎಂದು ನೀವು ಕೇಳಬಹುದು. ಕರ್ನಾಟಕದ ಒಳಗಿನ ಊರಾಗಿದ್ದರೆ ಆ ಮಾತು ಸರಿ. ಅಲ್ಲಿಯ ಮಗು ಬಸ್ಸಿನ ಬೋರ್ಡಿನಲ್ಲಿ, ಅಂಗಡಿಯ ಹೆಸರಿನಲ್ಲಿ, ಗೋಡೆಯ ಮೇಲಿನ ಜಾಹೀರಾತಿನಲ್ಲಿ ದಿನಕ್ಕೆ ನೂರು ಸಲ ಕನ್ನಡ ನೋಡುತ್ತದೆ. ಒಂದು ಕಡೆ ಅಕ್ಷರ ತಿಳಿಯದಿದ್ದರೆ ಇನ್ನೊಂದು ಕಡೆ ತಿಳಿದುಕೊಳ್ಳುತ್ತದೆ. ನಮ್ಮ ಊರುಗಳಲ್ಲಿ ಬಸ್ಸಿನ ಬೋರ್ಡು ತಮಿಳು, ಪಡಿತರ ಅಂಗಡಿಯ ಬೋರ್ಡು ತಮಿಳು. ಗಡಿಯ ಬೇರೆ ಕಡೆಗಳಲ್ಲಿ ಅದು ಮಲಯಾಳಂ, ಮರಾಠಿ ಅಥವಾ ತೆಲುಗು. ನಮ್ಮ ಮಗು ನೋಡುವ ಕನ್ನಡದಲ್ಲಿ ದೊಡ್ಡ ಪಾಲು ಶಾಲೆ ಕೊಡುವ ಪುಸ್ತಕ ಮತ್ತು ಹಾಳೆಗಳದ್ದೇ. ಆ ಹಾಳೆ ಓದಲು ಬಾರದಂತಿದ್ದರೆ ನಷ್ಟ ನೇರವಾಗಿ ಮಗುವಿನದು.

ಇನ್ನೊಂದು ಕಾರಣವೂ ಇದೆ. ಶಾಲಾ ನಿರ್ವಹಣಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಆಮಂತ್ರಣ ಅಚ್ಚು ಹಾಕಿಸಲು, ಬ್ಯಾನರ್ ತರಲು ಅಂಗಡಿಗೆ ಹೋಗುವವರು ಎಷ್ಟೋ ಸಲ ನೀವೇ. "ಯಾವ ಫಾಂಟ್ ಹಾಕಲಿ?" ಎಂದು ಅಲ್ಲಿ ಕೇಳಿದಾಗ ಉತ್ತರ ನಿಮ್ಮ ಬಾಯಲ್ಲಿರಬೇಕು.

ಅದರ ರೂಪ

ಮೊದಲು ಆ ಅಕ್ಷರವನ್ನು ಹತ್ತಿರದಿಂದ ನೋಡೋಣ. ಪಠ್ಯಪುಸ್ತಕದ ಅಕ್ಷರದಲ್ಲಿ ತಲೆಕಟ್ಟು ಒಂದು ಗಿಡ್ಡ ಗೀಟು. ಕೈಬರಹದ ಫಾಂಟಿನಲ್ಲಿ ಅದೇ ತಲೆಕಟ್ಟು ಅಲೆಯಂತೆ ಬಾಗಿ ಮೇಲಕ್ಕೆ ಚಿಮ್ಮುತ್ತದೆ. ಕೊಂಬಿನ ತುದಿ, ದೀರ್ಘದ ತುದಿ ಬಲಕ್ಕೆ ಉದ್ದವಾಗಿ ಹರಿಯುತ್ತವೆ. ಒತ್ತಕ್ಷರ ಚಿಕ್ಕದಾಗಿ ಕೆಳಗೆ ತೂಗುತ್ತದೆ. ಗೆರೆ ಎಲ್ಲ ಕಡೆಯೂ ಒಂದೇ ಸಣ್ಣ ದಪ್ಪ. ಇಷ್ಟರಿಂದಲೇ ಕಣ್ಣಿಗೆ ಅದು ಕೈಯಿಂದ ಬರೆದದ್ದು ಅನ್ನಿಸುತ್ತದೆ.

ಆದರೆ ಅದು ಕೈಬರಹವಲ್ಲ. ನೀವು ಅಂಗಡಿ ಸಾಮಾನಿನ ಚೀಟಿ ಬರೆದರೆ ಅದರಲ್ಲಿ ಎರಡು 'ಬೇಳೆ' ಒಂದೇ ತೆರನಾಗಿರುವುದಿಲ್ಲ. ಫಾಂಟಿನಲ್ಲಿ ನೂರು 'ಬೇಳೆ' ಬರೆದರೂ ನೂರೂ ಒಂದೇ ಅಚ್ಚು. ಯಾರೋ ಒಬ್ಬರು ಒಮ್ಮೆ ಬರೆದ ರೂಪವನ್ನು ಕಂಪ್ಯೂಟರ್ ಮತ್ತೆ ಮತ್ತೆ ಒತ್ತುತ್ತದೆ, ಅಷ್ಟೆ.

ಇಂಗ್ಲಿಷಿನಲ್ಲಿ ಇಂಥ ಫಾಂಟುಗಳು ಲೆಕ್ಕವಿಲ್ಲದಷ್ಟಿವೆ, ಕನ್ನಡದಲ್ಲಿ ಕಡಿಮೆ. ಕಾರಣ ಸರಳ. ಇಂಗ್ಲಿಷಿಗೆ ದೊಡ್ಡಕ್ಷರ, ಚಿಕ್ಕಕ್ಷರ ಸೇರಿ 52 ರೂಪ ಬರೆದರೆ ಮುಖ್ಯ ಕೆಲಸ ಮುಗಿಯಿತು. ಕನ್ನಡಕ್ಕೆ ಒಂದೊಂದು ವ್ಯಂಜನದ ಕಾಗುಣಿತ ಬೇಕು, ಒಂದೊಂದರ ಒತ್ತು ಬೇಕು, ಒತ್ತಿನ ಮೇಲೆ ಒತ್ತು ಬಂದರೆ ಅದು ಕೂರಲು ಜಾಗ ಬೇಕು. ರೂಪಗಳು ನೂರಾರು ಆಗುತ್ತವೆ. ಅಷ್ಟನ್ನೂ ಒಂದೇ ಹದದಲ್ಲಿ ಬರೆಯುವುದು ತಿಂಗಳುಗಟ್ಟಲೆ ಕೆಲಸ.

ಹಾಗಿದ್ದೂ ಕನ್ನಡದಲ್ಲಿ ಉಚಿತವಾಗಿ ಸಿಗುವವು ಇವೆ. 'ನವಿಲು' ಎಂಬುದು ಕೈಬರಹದ ಶೈಲಿಯಲ್ಲೇ ರೂಪಿಸಿದ ಫಾಂಟ್. 'ಹುಬ್ಬಳ್ಳಿ' ಎಂಬ ಹೆಸರಿನದು ಒಂದೇ ದಪ್ಪದ ಗೆರೆಯ ಸಲೀಸಾದ ಅಕ್ಷರ. 'ಅಕಾಯ ಕನಡಕ' ಶೀರ್ಷಿಕೆಗೆ ಒಪ್ಪುವಂಥದ್ದು. ಇವೆಲ್ಲ ಓಪನ್ ಫಾಂಟ್ ಲೈಸೆನ್ಸ್ ಅಡಿಯಲ್ಲಿ ಬಿಡುಗಡೆಯಾದವು. ಇಳಿಸಿಕೊಳ್ಳಲು, ಅಚ್ಚು ಹಾಕಿಸಲು ಯಾರಿಗೂ ಹಣ ಕೊಡಬೇಕಾಗಿಲ್ಲ. ಅಂಗಡಿಯವರು "ಕನ್ನಡದಲ್ಲಿ ಅಂಥದ್ದು ಇಲ್ಲ" ಎಂದರೆ ಈ ಹೆಸರುಗಳನ್ನು ಹೇಳಿ. ಇಂಗ್ಲಿಷಿನ ಚೆಂದದ ಫಾಂಟನ್ನು ಕನ್ನಡ ಸಾಲಿಗೆ ಹಾಕಿ ಎಂದು ಮಾತ್ರ ಕೇಳಬೇಡಿ. ಅದರಲ್ಲಿ ಕನ್ನಡದ ರೂಪಗಳೇ ಇರುವುದಿಲ್ಲ. ಕಂಪ್ಯೂಟರ್ ತನ್ನಲ್ಲಿರುವ ಬೇರೆ ಯಾವುದೋ ಕನ್ನಡ ಅಕ್ಷರವನ್ನು ತಂದು ಕೂರಿಸುತ್ತದೆ.

ಹಿಂದೆ ಹೇಗಿತ್ತು

ಕೈಬರಹವನ್ನೇ ಅಚ್ಚು ಹಾಕುವುದು ಕನ್ನಡಕ್ಕೆ ಹೊಸದಲ್ಲ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈನಲ್ಲಿ ಹೊರಟಾಗ ಅದು ಕಲ್ಲಚ್ಚಿನಲ್ಲಿ ಮುದ್ರಣವಾಯಿತು. ಕಲ್ಲಚ್ಚು ಎಂದರೆ ಕೈಯಿಂದ ಬರೆದ ಅಕ್ಷರವನ್ನೇ ಕಲ್ಲಿನ ಮೇಲೆ ಮೂಡಿಸಿ, ಅದರಿಂದ ಕಾಗದಕ್ಕೆ ಒತ್ತುವ ಕ್ರಮ. ಸಂಪಾದಕ ಹರ್ಮನ್ ಮೊಗ್ಲಿಂಗ್ ಮರುವರ್ಷವೇ ಪತ್ರಿಕೆಯ ಮುದ್ರಣವನ್ನು ಬಳ್ಳಾರಿಗೆ ಒಯ್ದರು. ಅಲ್ಲಿ ಅದು 'ಕನ್ನಡ ಸಮಾಚಾರ' ಎಂಬ ಹೆಸರಿನಲ್ಲಿ ಅಚ್ಚುಮೊಳೆಗಳಿಂದ ಮುದ್ರಣವಾಯಿತು. ಕೈಬರಹ ಚೆಂದವಿದ್ದರೂ, ಹಲವರು ದಿನವೂ ಓದಬೇಕಾದದ್ದಕ್ಕೆ ಅಚ್ಚಿನ ಅಕ್ಷರವೇ ನಿಂತಿತು.

ನಮ್ಮ ಹಿರಿಯರಲ್ಲಿ ಇನ್ನೊಂದು ಬರಹವೂ ಇತ್ತು. ಶಾನುಭೋಗರು ಕಡತಗಳಲ್ಲಿ ಬರೆಯುತ್ತಿದ್ದ ಮೋಡಿ ಅಕ್ಷರ. ಕೈ ಎತ್ತದೆ ಬೇಗ ಬೇಗ ಬರೆಯಲು ಹುಟ್ಟಿದ್ದು ಅದು. ಬರೆದವರಿಗೂ ಆ ಕಸುಬಿನವರಿಗೂ ಸಲೀಸು. ಜಮೀನಿನ ಒಡೆಯನಿಗೇ ತನ್ನ ಲೆಕ್ಕ ಓದಲು ಬರುತ್ತಿರಲಿಲ್ಲ. ಬರೆಯುವವರ ಅನುಕೂಲಕ್ಕೆ ಒಂದು ಅಕ್ಷರ, ಓದುವವರ ಅನುಕೂಲಕ್ಕೆ ಇನ್ನೊಂದು ಎಂಬ ಈ ಭೇದ ಹಳೆಯದು. ಶಾಲೆಯ ಕಾಗದ ಯಾವಾಗಲೂ ಓದುವವರ ಕಡೆ ಇರಬೇಕು.

ಒಂದು ಗೀಟಿನ ಬೆಲೆ

ಈಗ ತೊಡಕಿನ ಮಾತು. ಧನಲಕ್ಷ್ಮಿ ಎಂಬ ಹೆಸರನ್ನು ತೆಗೆದುಕೊಳ್ಳಿ. ಮೊದಲ ಅಕ್ಷರದ ಕೆಳಗೆ ಒಂದು ಪುಟ್ಟ ಗೀಟಿದೆ. ಆ ಗೀಟಿದ್ದರೆ ಧನ, ಇಲ್ಲದಿದ್ದರೆ ದನ. ತೆಳ್ಳನೆಯ ಫಾಂಟಿನಲ್ಲಿ ಆ ಗೀಟು ಕೂದಲೆಳೆಯಷ್ಟಿರುತ್ತದೆ. ಅದನ್ನು ಒಮ್ಮೆ ಜೆರಾಕ್ಸ್ ಮಾಡಿದರೆ ಮಾಸುತ್ತದೆ, ಎರಡನೆಯ ಸಲ ಮಾಡಿದರೆ ಮಾಯವಾಗುತ್ತದೆ. ಬಹುಮಾನದ ದಿನ ಹೆಣ್ಣುಮಗುವಿನ ಕೈಗೆ ಬರುವ ಪತ್ರದಲ್ಲಿ ಅವಳ ಹೆಸರು ದನಲಕ್ಷ್ಮಿ. ತರಗತಿಯ ಹುಡುಗರಿಗೆ ಇಷ್ಟು ಸಿಕ್ಕರೆ ಸಾಕು, ವರ್ಷವಿಡೀ ನಡೆಯುತ್ತದೆ. ಇಂಥದ್ದನ್ನು ವೇದಿಕೆಯ ಪಕ್ಕದಲ್ಲಿ ನಿಂತು ನಾನು ಕಂಡಿದ್ದೇನೆ. ಬಹುಮಾನ ತೆಗೆದುಕೊಂಡ ಮಗು ಆ ಪತ್ರವನ್ನು ಮಡಚಿ ಚೀಲದೊಳಗೆ ಸೇರಿಸಿಬಿಡುತ್ತದೆ. ಮನೆಯ ಗೋಡೆಗೆ ಅದು ಏರುವುದೇ ಇಲ್ಲ.

ಅಂಗಡಿಯವರಿಗೆ ಇದು ಏಕೆ ಕಾಣುವುದಿಲ್ಲ? ಅವರು ಉದಾಸೀನ ಮಾಡುತ್ತಾರೆ ಎಂದಲ್ಲ. ತಮಿಳಿನಲ್ಲಿ ತ, ಥ, ದ, ಧ ನಾಲ್ಕಕ್ಕೂ ಒಂದೇ ಅಕ್ಷರ. ಆ ಲಿಪಿಯಲ್ಲೇ ಬೆಳೆದ ಕಣ್ಣಿಗೆ ದ ಮತ್ತು ಧ ಬೇರೆ ಬೇರೆ ಎಂಬುದೇ ಹೊಳೆಯುವುದಿಲ್ಲ. ತಮಿಳಿನಲ್ಲಿ ಒತ್ತಕ್ಷರವೂ ಇಲ್ಲ. ಅರ್ಧಾಕ್ಷರದ ನೆತ್ತಿಯ ಮೇಲೆ ಒಂದು ಚುಕ್ಕಿ ಇಟ್ಟು, ಮುಂದಿನ ಅಕ್ಷರವನ್ನು ಪಕ್ಕದಲ್ಲೇ ಬರೆಯುತ್ತಾರೆ. ತಮಿಳು ಅಕ್ಷರದ ಜೀವ ನೆತ್ತಿಯ ಚುಕ್ಕಿಯಲ್ಲಿದ್ದರೆ, ಕನ್ನಡದ ಜೀವ ಕಾಲಡಿಯಲ್ಲಿದೆ. ಆದ್ದರಿಂದಲೇ ತಮಿಳಿಗೆ ಹೊಂದಿಸಿದ ಸಾಲಿನ ಅಂತರದಲ್ಲಿ ಕನ್ನಡ ಹಾಕಿದರೆ, 'ಲಕ್ಷ್ಮಿ'ಯ ಕೆಳಗಿನ ಎರಡು ಒತ್ತು ಕೆಳಸಾಲಿನ ಗುಡಿಸಿಗೆ ತಾಗುತ್ತವೆ, ಇಲ್ಲವೇ ಅರ್ಧಕ್ಕೆ ಕತ್ತರಿಸಿಹೋಗುತ್ತವೆ.

ಬೇರೆ ಗಡಿಗಳಲ್ಲಿ ತೊಡಕು ಬೇರೆ ರೂಪದ್ದು. ಸೊಲ್ಲಾಪುರ, ಜತ್ತದ ಕಡೆ ಮರಾಠಿ ಬಲ್ಲವರಿಗೆ ಮಹಾಪ್ರಾಣ ಗೊತ್ತು. ಆದರೆ ಅವರ ಲಿಪಿಯಲ್ಲಿ ಅರ್ಧಾಕ್ಷರ ಹೆಚ್ಚಾಗಿ ಪಕ್ಕಕ್ಕೆ ಸೇರುತ್ತದೆ, ಕೆಳಗೆ ಇಳಿಯುವ ಒತ್ತು ಅವರಿಗೆ ಅಪರಿಚಿತ. ಆದೋನಿ, ರಾಯದುರ್ಗದ ಕಡೆ ತೆಲುಗು ಬಲ್ಲವರು ಕನ್ನಡವನ್ನು ಬಹುಪಾಲು ಓದಿಬಿಡುತ್ತಾರೆ. ಎರಡೂ ಲಿಪಿ ಅಷ್ಟು ಹತ್ತಿರ. ಅಲ್ಲಿ ಭಯ ಇರುವುದು ತಲೆಕಟ್ಟಿನಲ್ಲಿ. ಬಾಗಿ ಚಿಮ್ಮುವ ಕೈಬರಹದ ತಲೆಕಟ್ಟು ತೆಲುಗಿನ ತಲೆಕಟ್ಟಿನಂತೆಯೇ ಕಂಡು, ಯಾವುದು ಯಾವ ಲಿಪಿ ಎಂದು ಮಗು ತಡವರಿಸಬಹುದು.

ಓದು ಕಲಿಯುವ ಮಗುವಿಗೆ

ನಮ್ಮ ಮಕ್ಕಳ ಹೊರೆಯನ್ನೂ ನೆನೆಯಿರಿ. ಕನ್ನಡ ಮಾಧ್ಯಮದ ಮಗು ಕನ್ನಡ ಕಲಿಯುತ್ತದೆ, ಇಂಗ್ಲಿಷ್ ಕಲಿಯುತ್ತದೆ. 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ತಮಿಳನ್ನೂ ಕಲಿಯುತ್ತದೆ. ಆರೇಳು ವರ್ಷದ ತಲೆಯಲ್ಲಿ ಮೂರು ಲಿಪಿ. ಇದು ಮಕ್ಕಳಿಗೆ ಆಗದ ಕೆಲಸವೇನಲ್ಲ. ಮೂರನ್ನೂ ಲೀಲಾಜಾಲವಾಗಿ ಓದುವ ಮಕ್ಕಳನ್ನು ಪ್ರತಿ ವರ್ಷವೂ ನೋಡಿದ್ದೇನೆ. ಆದರೆ ಕಲಿಯುವ ಹೊತ್ತಿನಲ್ಲಿ ಪ್ರತಿಯೊಂದು ಅಕ್ಷರವೂ ಒಂದೇ ಸ್ಥಿರವಾದ ರೂಪದಲ್ಲಿ ಕಣ್ಣಿಗೆ ಬೀಳಬೇಕು.

ಕನ್ನಡದ ಓದಿನಲ್ಲಿ ಅರ್ಥ ಬದಲಾಗುವುದು ಸಣ್ಣ ಸಣ್ಣ ತಿರುವುಗಳಲ್ಲಿ. ಕರೆ ಮತ್ತು ಕೆರೆಗೆ ಇರುವ ವ್ಯತ್ಯಾಸ ತಲೆಕಟ್ಟಿಗೂ ಏತ್ವಕ್ಕೂ ಇರುವ ವ್ಯತ್ಯಾಸ ಮಾತ್ರ. ಫಾಂಟಿನ ತಲೆಕಟ್ಟು ಅಂದಕ್ಕಾಗಿ ಬಾಗಿದರೆ ಕರೆ ಹೋಗಿ ಕೆರೆ ಆಗುತ್ತದೆ. ಮರ ಮತ್ತು ವರದ ನಡುವೆ ಬಲಗಡೆಯ ಒಂದು ಸುರುಳಿ. ಪಾದ ಮತ್ತು ವಾದದ ನಡುವೆ ಒಂದು ತೆರಪು. ಕೊಡು ಮತ್ತು ಕೋಡಿನ ನಡುವೆ ಒಂದು ದೀರ್ಘ. ದೊಡ್ಡವರಾದ ನಾವು ಇಡೀ ಪದವನ್ನು ಒಂದೇ ನೋಟಕ್ಕೆ ಹಿಡಿಯುತ್ತೇವೆ. ಒಂದು ಗೆರೆ ಮಾಸಿದ್ದರೂ ಅಂದಾಜಿನಲ್ಲಿ ಓದಿ ಮುಂದೆ ಹೋಗುತ್ತೇವೆ. ಎರಡನೆಯ ತರಗತಿಯ ಮಗುವಿಗೆ ಆ ಅಂದಾಜು ಇನ್ನೂ ಬಂದಿರುವುದಿಲ್ಲ. ಗೆರೆ ಕಾಣದಿದ್ದರೆ ಅದು ನಿಲ್ಲುತ್ತದೆ. ನಾಲ್ಕು ಸಲ ನಿಂತರೆ "ನನಗೆ ಕನ್ನಡ ಬರುವುದಿಲ್ಲ" ಎಂದು ತಾನೇ ತೀರ್ಮಾನಿಸಿಕೊಳ್ಳುತ್ತದೆ. ಪಕ್ಕದ ಇಂಗ್ಲಿಷ್ ಶಾಲೆಯ ವ್ಯಾನು ದಿನವೂ ಬೀದಿಗೆ ಬರುವಾಗ ಈ ಒಂದು ಮಾತು ಮನೆಯಲ್ಲಿ ಎಷ್ಟು ಕೆಲಸ ಮಾಡುತ್ತದೆ ಎಂಬುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ.

ಆದ್ದರಿಂದ ಓದುವ ಚೀಟಿ, ಗೋಡೆಯ ಅಕ್ಷರಮಾಲೆ, ಪ್ರಶ್ನೆಪತ್ರಿಕೆ, ಮನೆಪಾಠದ ಹಾಳೆ ಇವುಗಳಿಗೆ ನಾಜೂಕು ಅಕ್ಷರ ಬೇಡವೇ ಬೇಡ. ನೋಟೊ ಸಾನ್ಸ್ ಕನ್ನಡ, ಬಲೂ ತಮ್ಮ, ತಿರೊ ಕನ್ನಡ ಇವೂ ಉಚಿತವೇ. ವಿಂಡೋಸ್ ಕಂಪ್ಯೂಟರಿಗೆ ಸಿಗುವ ನಿರ್ಮಲಾ, ತುಂಗಾ ಕೂಡ ಆಗುತ್ತವೆ. ಅಕ್ಷರ ದೊಡ್ಡದಿರಲಿ. ಅಚ್ಚಿನ ಲೆಕ್ಕದಲ್ಲಿ 72 ಪಾಯಿಂಟ್ ಎಂದರೆ ಒಂದು ಇಂಚು. ಒಂದು, ಎರಡನೆಯ ತರಗತಿಯ ಹಾಳೆಗೆ 20 ಪಾಯಿಂಟಿಗೆ ಕಡಿಮೆ ಹಾಕಿಸಬೇಡಿ. ಸಾಲಿನ ಅಂತರ ಒಂದೂವರೆ ಪಟ್ಟು ಇರಲಿ, ಒತ್ತುಗಳು ಕಾಲು ಚಾಚಿಕೊಳ್ಳಲಿ.

ಕಾಪಿ ಬರಹದ ಹಾಳೆಯ ವಿಷಯವನ್ನು ಬೇರೆಯಾಗಿ ಹೇಳಬೇಕು. ಕೈಬರಹದ ಫಾಂಟಿನಲ್ಲಿ ಅಕ್ಷರ ಹಾಕಿ, ಅದನ್ನೇ ತಿದ್ದಿಸಿದರೆ ಮಗುವಿನ ಬರಹ ಚೆಂದವಾಗುತ್ತದೆ ಎಂದು ಕೆಲವರು ನಂಬಿದ್ದಾರೆ. ಫಾಂಟು ತೋರಿಸುವುದು ಬರೆದು ಮುಗಿದ ಅಕ್ಷರವನ್ನು. ಪೆನ್ಸಿಲ್ ಎಲ್ಲಿಂದ ಹೊರಟಿತು, ಯಾವ ಕಡೆ ತಿರುಗಿತು, ಎಲ್ಲಿ ಎತ್ತಿತು ಎಂಬುದು ಅದರಲ್ಲಿ ಇಲ್ಲ. ಮಗು ಕಲಿಯಬೇಕಾದದ್ದು ಆ ನಡೆಯನ್ನೇ. ಅದಕ್ಕೆ ಬರೆಯುತ್ತಿರುವ ಒಂದು ಕೈ ಕಣ್ಣೆದುರಿಗೆ ಬೇಕು. ನಿಮ್ಮ ಬರಹ ಅಷ್ಟೇನೂ ಚೆನ್ನಾಗಿಲ್ಲದಿದ್ದರೂ ಚಿಂತೆಯಿಲ್ಲ. ದಿನಕ್ಕೆ ಹತ್ತು ನಿಮಿಷ ಮಗುವಿನ ಪಕ್ಕ ಕುಳಿತು, ಅದು ನೋಡುತ್ತಿರುವಂತೆ ಎರಡು ಸಾಲು ನಿಧಾನವಾಗಿ ಬರೆಯಿರಿ. ಯಾವ ಫಾಂಟೂ ಅಷ್ಟು ಕಲಿಸುವುದಿಲ್ಲ.

ಎಲ್ಲಿ ಒಪ್ಪುತ್ತದೆ

ಹಾಗಾದರೆ ಈ ಅಕ್ಷರವನ್ನು ದೂರವೇ ಇಡಬೇಕೆ? ಬೇಕಿಲ್ಲ. ಅದು ಒಗ್ಗರಣೆಯ ಹಾಗೆ. ಒಂದು ಚಮಚ ಹಾಕಿದರೆ ಇಡೀ ಸಾರಿಗೆ ಪರಿಮಳ. ಅದನ್ನೇ ಯಾರೂ ಅನ್ನಕ್ಕೆ ಕಲಸಿ ಉಣ್ಣುವುದಿಲ್ಲ.

ಆಮಂತ್ರಣದ ಮೇಲ್ಗಡೆ 'ಆದರದ ಸ್ವಾಗತ' ಎಂಬ ಎರಡು ಪದ ಅದರಲ್ಲಿರಲಿ. ದಿನಾಂಕ, ಸಮಯ, ಸ್ಥಳ ಸಾದಾ ಅಕ್ಷರದಲ್ಲಿರಲಿ. ಮಕ್ಕಳ ಪತ್ರಿಕೆಯ ಹೆಸರು, ಕವನದ ಶೀರ್ಷಿಕೆ, ಶುಭಾಶಯದ ಒಂದು ಸಾಲು, ನೆನಪಿನ ಕಾಣಿಕೆಯ ಮೇಲಿನ ಹಾರೈಕೆ ಇಲ್ಲೆಲ್ಲ ಅದು ಒಪ್ಪುತ್ತದೆ. ಇಂಥ ಕಡೆಯಲ್ಲೂ 24 ಪಾಯಿಂಟಿಗಿಂತ ಚಿಕ್ಕದು ಬೇಡ. ತಿಳಿ ಬಣ್ಣದ ಮೇಲೆ ತಿಳಿ ಬಣ್ಣ ಬೇಡ. ಬಿಳಿಯ ಕಾಗದದ ಮೇಲೆ ಕಪ್ಪು ಅಥವಾ ಗಾಢ ನೀಲಿ ಇರಲಿ. ಹಿಂದೆ ಹೂಬಳ್ಳಿಯ ಚಿತ್ರ ಇದ್ದರೆ ತೆಳ್ಳನೆಯ ಅಕ್ಷರ ಬಳ್ಳಿಯೊಳಗೆ ಸೇರಿಹೋಗುತ್ತದೆ.

ಐದನೆಯ ತರಗತಿ ದಾಟಿದ, ಸಲೀಸಾಗಿ ಓದುವ ಮಗುವಿಗೆ ಇಂಥ ಅಕ್ಷರವನ್ನು ತೋರಿಸುವುದರಲ್ಲಿ ಲಾಭವೂ ಇದೆ. ಅಜ್ಜಿಯ ಕಾಗದ, ಅಜ್ಜನ ಲೆಕ್ಕದ ಪುಸ್ತಕ, ಬೇರೆಯವರ ಕೈಬರಹ ಓದುವ ಅಭ್ಯಾಸಕ್ಕೆ ಅದು ಮೊದಲ ಮೆಟ್ಟಿಲು. ತಲೆಕಟ್ಟು ಬಾಗಿದರೂ, ಬಾಲ ಉದ್ದವಾದರೂ ಅಕ್ಷರ ಅದೇ ಎಂದು ಗುರುತಿಸುವುದು ಒಂದು ಕಲಿಕೆ. ಅದು ಬರಬೇಕಾದ ವಯಸ್ಸಿನಲ್ಲಿ ಬರಲಿ.

ಆಮಂತ್ರಣ ಬಿಟ್ಟರೆ ಶಾಲೆಯಿಂದ ಹೊರಡುವ ಉಳಿದ ಕಾಗದಗಳಲ್ಲಿ, ಅಂದರೆ ಅರ್ಜಿ, ಅಂಕಪಟ್ಟಿ, ವರ್ಗಾವಣೆ ಪತ್ರ, ಸೂಚನಾ ಫಲಕಗಳಲ್ಲಿ, ಅಲಂಕಾರಕ್ಕೆ ಜಾಗವಿಲ್ಲ. ರಸ್ತೆಯಿಂದ ಓದಬೇಕಾದ ಫ್ಲೆಕ್ಸಿನಲ್ಲಿಯೂ ಇಲ್ಲ. ಅಲ್ಲಿ ಶಾಲೆಯ ಹೆಸರು ದಪ್ಪ ಅಕ್ಷರದಲ್ಲಿ, ದೂರಕ್ಕೆ ಕಾಣುವಂತಿರಬೇಕು. ದಾಖಲಾತಿಯ ತಿಂಗಳಲ್ಲಿ ಇಲ್ಲಿ ಕನ್ನಡ ಶಾಲೆಯೊಂದಿದೆ ಎಂದು ಹೊಸದಾಗಿ ಊರಿಗೆ ಬಂದವರಿಗೆ ತಿಳಿಸುವುದು ಆ ಒಂದು ಬಟ್ಟೆಯೇ.

ಅಂಗಡಿಯಲ್ಲಿ ನಾಲ್ಕು ಪರೀಕ್ಷೆ

ಅಚ್ಚಿಗೆ ಕೊಡುವ ಮೊದಲು ಇಷ್ಟು ಮಾಡಿ. ಮೊದಲನೆಯದು ಒತ್ತಿನ ಪರೀಕ್ಷೆ. ಆರಿಸಿದ ಫಾಂಟಿನಲ್ಲಿ 'ಜ್ಯೋತ್ಸ್ನಾ, ಕೃಷ್ಣ, ರಾಷ್ಟ್ರ, ಸ್ವಾತಂತ್ರ್ಯ, ವಿದ್ಯಾರ್ಥಿ, ಲಕ್ಷ್ಮಿ' ಎಂಬ ಆರು ಪದ ಹೊಡೆಸಿ ನೋಡಿ. ಒತ್ತುಗಳು ಒಡೆದು ಪಕ್ಕಕ್ಕೆ ಬಿದ್ದರೆ, ಅರ್ಕಾವೊತ್ತು ಕಾಣೆಯಾದರೆ ಆ ಫಾಂಟನ್ನು ಬಿಟ್ಟುಬಿಡಿ. ಎರಡನೆಯದು ಜೆರಾಕ್ಸ್ ಪರೀಕ್ಷೆ. ಪ್ರತಿಯ ಪ್ರತಿ ತೆಗೆದು, ಧ, ಢ, ಫ, ಭ ಇವುಗಳ ಕೆಳಗಿನ ಗೀಟು ಉಳಿದಿದೆಯೇ ನೋಡಿ. ಮೂರನೆಯದು ಅಜ್ಜಿಯ ಪರೀಕ್ಷೆ. ಮನೆಯ ಹಿರಿಯರೊಬ್ಬರು ಕೈ ಚಾಚಿದಷ್ಟು ದೂರದಲ್ಲಿ ಹಿಡಿದು ತಡೆಯದೆ ಓದಬೇಕು. ನಾಲ್ಕನೆಯದು ಮಗುವಿನ ಪರೀಕ್ಷೆ. ಮೂರನೆಯ ತರಗತಿಯ ಮಗು ಎಲ್ಲಿ ನಿಲ್ಲುತ್ತದೋ ಅಲ್ಲಿ ಅಕ್ಷರ ಬದಲಾಯಿಸಿ.

ಇನ್ನೂ ಒಂದು ಎಚ್ಚರಿಕೆ. ಬರೆದ ಚೀಟಿ ಕೊಟ್ಟು ಅಂಗಡಿಯಲ್ಲಿ ಮತ್ತೆ ಟೈಪ್ ಮಾಡಿಸಬೇಡಿ. ಕನ್ನಡ ಬಲ್ಲ ಶಿಕ್ಷಕರೋ ನೀವೋ ಮೊಬೈಲಿನಲ್ಲೇ ಯೂನಿಕೋಡಿನಲ್ಲಿ ಟೈಪ್ ಮಾಡಿ ಕಳುಹಿಸಿ. ಅವರು ಫಾಂಟು ಮಾತ್ರ ಬದಲಿಸಲಿ. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಮಾಡಿದ ಕಡತ ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಗೊಜ್ಜಾಗಿ ತೆರೆದುಕೊಳ್ಳುತ್ತದೆ. ಅಂಥದ್ದನ್ನು ಪಿಡಿಎಫ್ ಮಾಡಿಸಿಕೊಂಡು ಒಯ್ಯಿರಿ. ಅಚ್ಚಿಗೆ ಮೊದಲು ಕಾಗದದ ಮೇಲೆ ಪ್ರೂಫ್ ತೆಗೆಸಿ. ಪರದೆಯ ಮೇಲೆ ಕಂಡ ಗೆರೆ ಕಾಗದದಲ್ಲಿ ಇರುತ್ತದೆ ಎಂದು ನಂಬಬೇಡಿ. ಪ್ರೂಫಿನಲ್ಲಿ ಮೊದಲು ನೋಡಬೇಕಾದದ್ದು ಮಕ್ಕಳ ಹೆಸರು.

ಹೆಸರಿಗೆ ಇನ್ನೊಂದು ಸುಲಭದ ದಾರಿಯೂ ಇದೆ. ಬಹುಮಾನ ಪತ್ರದ ಸಾಲುಗಳನ್ನು ಸಾದಾ ಅಕ್ಷರದಲ್ಲಿ ಅಚ್ಚು ಹಾಕಿಸಿ, ಹೆಸರಿನ ಜಾಗವನ್ನು ಖಾಲಿ ಬಿಡಿಸಿ. ಪ್ರತಿ ಶಾಲೆಯಲ್ಲೂ ಮುತ್ತಿನಂತೆ ಬರೆಯುವ ಒಬ್ಬ ಶಿಕ್ಷಕರೋ ಶಿಕ್ಷಕಿಯೋ ಇದ್ದೇ ಇರುತ್ತಾರೆ. ಒಂದು ಕಪ್ಪು ಶಾಯಿಯ ಪೆನ್ನು ಕೊಟ್ಟು, ಐವತ್ತು ಮಕ್ಕಳ ಹೆಸರನ್ನು ಅವರಿಂದಲೇ ಬರೆಯಿಸಿ. ಒಂದು ಸಂಜೆಯ ಕೆಲಸ. ಧನಲಕ್ಷ್ಮಿಗೆ ಅವಳ ಗೀಟು ಸಿಗುತ್ತದೆ, ಪತ್ರ ಗೋಡೆಗೆ ಏರುತ್ತದೆ.